ಹಗೇವಿನ ಕೋಲು

ಮುಂಬಯಿ ಹತ್ತಿರದ ಘಣಸೋಲಿಯ ಹಳೆಯ ಊರಿನ ತುದಿಗೆ, ಸಮುದ್ರದ ನೀರು ದಿನಕ್ಕೆರಡು ಸಲ ಬಂದು ಹೋಗುವ ಖಾಡಿಯ ದಂಡೆಯಲ್ಲಿ ನಮ್ಮ ಮನೆಯಿದೆ. ಅದಕ್ಕೆ ಏಳು ಮೆಟ್ಟಿಲು. ಒಂದೇ ಅಂತಸ್ತಿನ, ಮೂರು ಕೋಣೆಯ ಮನೆಗೆ ಇಷ್ಟು ಮೆಟ್ಟಿಲು ಯಾಕೆ ಎಂದು ಮೊದಲ ಸಲ ಬಂದವರೆಲ್ಲ ಕೇಳುತ್ತಾರೆ. ಮೊಣಕಾಲು ನೋವಿನವರು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಬಾಗಿಲ ಹಿಂದೆ ಇಟ್ಟಿರುವ ಒಂದು ಬಿದಿರಿನ ಕೋಲನ್ನು ತಂದು ತೋರಿಸುತ್ತಾಳೆ. ಆಳೆತ್ತರದ, ಎಣ್ಣೆ ಹಚ್ಚಿ ಹಚ್ಚಿ ಕಪ್ಪಾದ ಕೋಲು. ಅದರ ಮೇಲೆ ಕುಡಗೋಲಿನಿಂದ ಕಚ್ಚು ಹಾಕಿದ ಒಂದು ಗುರುತಿದೆ. ಆ ಗುರುತು ಹಾಕಿದವಳು ನಾನು. ಆಗ ನನಗೆ ಹತ್ತೋ ಹನ್ನೊಂದೋ ವರ್ಷ.

ಅದಕ್ಕೂ ಮೊದಲು ನಮಗೆ ಮನೆ ಅನ್ನುವುದು ಇರಲಿಲ್ಲ, ಸೈಟು ಇತ್ತು. ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ. ಕಟ್ಟಡ ಏಳುವ ತನಕ ಅದರ ಕೆಳಗಿನ ಅಂತಸ್ತಿನಲ್ಲಿ ನಮ್ಮ ವಾಸ, ಕಟ್ಟಡ ಮುಗಿದು ಬಣ್ಣ ಹಚ್ಚುವವರು ಬಂದರೆ ನಾವು ಗಂಟುಮೂಟೆ ಕಟ್ಟಬೇಕು. ಅಂಬರನಾಥದಲ್ಲಿ ಒಂದು ಕಾರ್ಖಾನೆಯ ಗೋಡಾನಿನಲ್ಲಿದ್ದೆವು, ಡೊಂಬಿವಲಿಯಲ್ಲಿ ಯಾರದೋ ಅಡುಗೆಮನೆಯಾಗಬೇಕಿದ್ದ ಕೋಣೆಯಲ್ಲಿ ಆರು ತಿಂಗಳು ಅಡುಗೆ ಮಾಡಿಕೊಂಡಿದ್ದೆವು. ಆ ಮನೆಯವರು ಈಗಲೂ ತಾವೇ ಮೊದಲು ಅಲ್ಲಿ ಹಾಲು ಉಕ್ಕಿಸಿದ್ದು ಎಂದುಕೊಂಡಿರಬೇಕು. ಅಪ್ಪನ ಕೆಲಸದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುತ್ತಿದ್ದದ್ದು ಅವನು ಮರಳನ್ನು ನೆಕ್ಕಿ ನೋಡುವುದು. ಲಾರಿಯಿಂದ ಮರಳು ಸುರಿದ ಕೂಡಲೇ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಥೂ ಎಂದು ಉಗುಳಿ, ಒಳ್ಳೆಯದೋ ಕೆಟ್ಟದೋ ಹೇಳುತ್ತಿದ್ದ. ಖಾಡಿಯ ಮರಳಾದರೆ ಉಪ್ಪಿರುತ್ತದೆ, ಉಪ್ಪಿದ್ದರೆ ಒಳಗಿನ ಕಬ್ಬಿಣದ ಸಳಿ ತುಕ್ಕು ಹಿಡಿದು ಗೋಡೆ ಒಡೆಯುತ್ತದೆ.

"ಕಬ್ಬಿಣಕ್ಕ ಉಪ್ಪಂದ್ರ ಕಟಗಿಗೆ ಗೆದ್ದಲಿ ಇದ್ದಂಗವಾ," ಎನ್ನುತ್ತಿದ್ದ. "ಹೊರಗ ಕಾಣಂಗಿಲ್ಲ. ಒಳಗೊಳಗ ತಿಂತೈತಿ."

ಘಣಸೋಲಿಯಲ್ಲಿ ಬಾಳೂ ಕಾಕಾ ಎಂಬ ಮುದುಕನಿದ್ದ. ಅಲ್ಲಿಯ ಮೂಲದವನು, ಅರ್ಧ ಮೀನು ಹಿಡಿಯುತ್ತಿದ್ದ, ಅರ್ಧ ಉಪ್ಪಿನ ಗದ್ದೆ ನೋಡಿಕೊಳ್ಳುತ್ತಿದ್ದ. ಅಪ್ಪ ಅವನ ಮನೆ ಕಟ್ಟಿಕೊಟ್ಟ. ಕಾಕಾ ಅದಕ್ಕೆ ಪ್ರತಿಯಾಗಿ ಖಾಡಿಯ ಪಕ್ಕ, ಉಪ್ಪುನೀರಲ್ಲೇ ಬೆಳೆಯುವ ತಿವರದ ಗಿಡಗಳಿಗೆ ಒತ್ತಿಕೊಂಡಿದ್ದ ಒಂದು ತುಂಡು ಜಾಗ ಕೊಟ್ಟ. ಅದರ ಮೇಲೆ ಯಾರಿಗೂ ಕಣ್ಣಿರಲಿಲ್ಲವಾದ್ದರಿಂದ ಕಾಕಾನ ಮಕ್ಕಳೂ ತಕರಾರು ಮಾಡಲಿಲ್ಲ. ಅಪ್ಪ ಅಲ್ಲಿ ನಿಂತು ಎರಡೂ ಕೈ ಸೊಂಟಕ್ಕಿಟ್ಟು ಸುತ್ತ ನೋಡಿದ್ದು ನನಗೆ ನೆನಪಿದೆ. ಊರವರಿಗೆಲ್ಲ ಮನೆ ಕಟ್ಟಿದವನು ತನಗಾಗಿ ಕಟ್ಟುವುದು ಅದೇ ಮೊದಲು. ಅವ್ವ ಮಾತ್ರ ಖುಷಿಯಾದಂತೆ ಕಾಣಲಿಲ್ಲ. ಅವಳು ಜಾಗದ ನಡುವೆ ಕೂತು, ಕೈಯಿಂದ ನೆಲ ಕೆದರಿ, ಒಂದೇ ಮಾತು ಕೇಳಿದಳು.

"ಹಗೇವು ಎಲ್ಲಿ ಬರತೈತಿ?"

ನಮ್ಮ ಕಡೆ ಜೋಳವನ್ನು ಚೀಲದಲ್ಲಿಡುವುದಿಲ್ಲ, ನೆಲದಲ್ಲಿ ಇಡುತ್ತಾರೆ. ಮನೆಯ ಒಳಗೇ ಆಳವಾದ ಕುಣಿ ತೋಡಿ, ಸುತ್ತ ಜೋಳದ ದಂಟಿನ ಹುಲ್ಲು ಒತ್ತಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಅದರ ಮೇಲೆಯೇ ಹಾಸಿಗೆ ಹಾಸಿ ಮಲಗುತ್ತಾರೆ. ಅದೇ ಹಗೇವು. ಹೆಣ್ಣು ಕೊಡಲು ಬಂದವರು ಮನೆಯಲ್ಲಿ ಎಷ್ಟು ಹಗೇವು ಎಂದು ಕೇಳುತ್ತಾರೆಯೇ ಹೊರತು ಎಷ್ಟು ಕೋಣೆ ಎಂದಲ್ಲ. ಅವ್ವನ ತವರಿನಲ್ಲಿ ಎರಡಿದ್ದವು. ಅವಳ ಲೆಕ್ಕದಲ್ಲಿ ಹಗೇವು ಇಲ್ಲದ್ದು ಮನೆಯಲ್ಲ, ಇನ್ನೊಂದು ಸೈಟು. ಹದಿಮೂರು ವರ್ಷ ಸೈಟಿನಿಂದ ಸೈಟಿಗೆ ತಿರುಗಿದವಳು ಕೇಳಿದ್ದು ಅದೊಂದನ್ನೇ. ಅಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಕುಣಿ ತೋಡಲು ನಿಂತಾಗ ಬಾಳೂ ಕಾಕಾ ಬೀಡಿ ಸೇದುತ್ತ ಬಂದು ಇಣುಕಿದ.

"ಮಿಸ್ತ್ರೀ, ಪಾಣೀ ಖಾಲೂನ್ ಯೇತಂ," ಅಂದ. ನೀರು ಕೆಳಗಿನಿಂದ ಬರುತ್ತದೆ ಎಂದು.

ಅಪ್ಪನಿಗೆ ಇದು ಅವನ ಕಸುಬಿಗೇ ಕೈ ಹಾಕಿದಂತಾಯಿತು. ಕಾಕಾ ಹೋದ ಮೇಲೆ ನಮ್ಮತ್ತ ತಿರುಗಿ ಹೇಳಿದ:

"ಐದು ಅಂತಸ್ತಿನ ಮ್ಯಾಲ ನೀರಿನ ಟಾಕಿ ಕಟ್ಟಾಂವ ನಾ. ಒಳಗಿನ ನೀರು ಹೊರಗ ಹೋಗದಂಗ ಕಟ್ಟಾಕ ಬರತೈತಿ ಅಂದ್ರ, ಹೊರಗಿಂದು ಒಳಗ ಬರದಂಗ ಕಟ್ಟಾಕ ಬರಂಗಿಲ್ಲೇನು?"

ಅವನ ತರ್ಕದಲ್ಲಿ ತಪ್ಪೇನಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಹಗೇವಿನ ಒಳಗೆಲ್ಲ ಸಿಮೆಂಟು ಮೆತ್ತಿ ನುಣುಪಾಗಿ ತೀಡಿದ. ಬೇಸಿಗೆಯಲ್ಲಿ ಊರಿನಿಂದ ಬಂದ ಜೋಳವನ್ನು ತುಂಬಿ, ಕಲ್ಲು ಮುಚ್ಚಿ, ಅವ್ವ ಅರಿಷಿಣ ಕುಂಕುಮ ಹಚ್ಚಿದಳು. ಗೋಡೆಗಳು ಬಾಗಿಲಿನೆತ್ತರಕ್ಕೆ ಬಂದಿದ್ದವು. ಮಳೆ ಹತ್ತಿರ ಬಂತೆಂದು ಕೆಲಸ ನಿಲ್ಲಿಸಿ, ಹಿಂದಿನ ಕೋಣೆಗೆ ತಗಡು ಹೊದಿಸಿ, ಹಗೇವಿನ ಮೇಲೆಯೇ ನಾವು ಮೂವರೂ ಮಲಗತೊಡಗಿದೆವು.

ಕೆಲವು ವಾರಗಳಲ್ಲಿ ನೆಲದಿಂದ ಹುಳಿಹುಳಿ ವಾಸನೆ ಬರತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕಲ್ಲು ಎತ್ತಿ ನೋಡುತ್ತಿದ್ದರು. ಆದರೆ ಹಗೇವಿನ ಜೋಳಕ್ಕೆ ಊರಲ್ಲೂ ಒಂದು ಮುಗ್ಗಿದ ವಾಸನೆ ಇದ್ದೇ ಇರುತ್ತದೆ. ಅವ್ವ ಆ ವಾಸನೆಯನ್ನು ಉಸಿರೆಳೆದು ಎಳೆದು ಸವಿದಳು. "ನಮ್ಮ ಮನಿ ವಾಸನಿ ಬಂತ್ ನೋಡ," ಎಂದು ನನಗೂ ಹೇಳಿದಳು. ಅಪ್ಪನೂ ಹೌದೆಂದ. ಕೊಳೆಯುತ್ತಿದ್ದ ಕಾಳಿನ ಮೇಲೆ ಮಲಗಿ ನಾವು ಮೂವರು ಅಷ್ಟು ನೆಮ್ಮದಿಯಿಂದ ನಿದ್ದೆ ಮಾಡಿದ್ದು ಹಿಂದೂ ಇಲ್ಲ, ಮುಂದೂ ಇಲ್ಲ.

ಕಾರಹುಣ್ಣಿಮೆಗೆ ಹೊಸ ಜೋಳ ತೆಗೆಯೋಣವೆಂದು ಕಲ್ಲು ಎತ್ತಿದರು. ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುವುದರಿಂದ ಮೊದಲು ದೀಪ ಇಳಿಸಿ ನೋಡುವುದು ರೂಢಿ, ದೀಪ ಆರದಿದ್ದರೆ ಆಮೇಲೆ ಮನುಷ್ಯ. ಅವ್ವ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಸಿದಳು. ಕೆಳಗಿನಿಂದ ಇನ್ನೊಂದು ದೀಪ ಮೇಲೆ ಬಂತು. ಒಳಗೆ ಕಪ್ಪು ನೀರು ನಿಂತಿತ್ತು. ತಳದ ಸಿಮೆಂಟನ್ನು ನೀರು ಕೆಳಗಿನಿಂದ ಎತ್ತಿ ಸೀಳಿಬಿಟ್ಟಿತ್ತು. ಟಾಕಿಯ ನೀರಿಗೆ ತನ್ನ ಭಾರ ಮಾತ್ರ ಇರುತ್ತದೆ, ಇಲ್ಲಿ ನೆಲದೊಳಗಿನಿಂದ ಒತ್ತುವುದು ಇಡೀ ಖಾಡಿ ಎಂದು ಅಪ್ಪನಿಗೆ ಆಗ ಅರ್ಥವಾಗಿರಬೇಕು. ಅವ್ವ ಅಳಲಿಲ್ಲ. ಮೊಳಕೆಯೊಡೆದು ನಾರುತ್ತಿದ್ದ ಜೋಳವನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ತಾನೇ ಖಾಡಿಗೆ ಸುರಿದು ಬಂದಳು. ಅಪ್ಪ ಬುಟ್ಟಿಗೆ ಕೈ ಹಾಕಲು ಹೋದರೆ ಕೊಡಲಿಲ್ಲ.

ಅದಾದ ಮೇಲೆ ಅವ್ವನಿಗೆ ಕುಣಿಯಲ್ಲಿ ಇಣುಕುವ ಚಟ ಹತ್ತಿತು. ಕೆಲವು ದಿನ ನೀರು ತಳದಲ್ಲಿರುತ್ತಿತ್ತು, ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರದ ಭರತಿ ಜೋರಾದಾಗ ಏರುತ್ತಿತ್ತು. ಹೀಗೆ ಒಂದು ತಿಂಗಳು ನೋಡಿ, ಒಂದು ಸಂಜೆ ರೊಟ್ಟಿ ಬಡಿಯುತ್ತ ಹೇಳಿದಳು.

"ಈ ಗ್ವಾಡಿ ಕೆಡವ್ರಿ. ಹಗೇವು ಮುಚ್ಚಿ, ನೆಲಾ ನನ್ನ ಎದಿ ಮಟ ಎತ್ತರಿಸಿ ಮ್ಯಾಲ ಕಟ್ಟೂಣು."

"ಹಗೇವು ಬೇಕಂದಾಕೀನೂ ನೀನ, ಮುಚ್ಚಂದಾಕೀನೂ ನೀನ."

"ಹೂಂ. ನಂದ ತಪ್ಪು. ಅದಕ್ಕ ಹೇಳಾಕತ್ತೀನಿ. ನೀರು ಬಾಗಲದಾಗಿಂದ ಬಂದ್ರ ಕಾಣತೈತಿ. ಇಲ್ಲಿ ನೆಲದಾಗಿಂದ ಬರತೈತಿ."

"ಕಟ್ಟಿದ ಗ್ವಾಡಿ ಕೆಡವಾಕ ನಾ ಗೌಂಡಿ ಆಗಿಲ್ಲ," ಅಂದ ಅಪ್ಪ.

ನಾಲ್ಕು ತಿಂಗಳ ರವಿವಾರಗಳೆಲ್ಲ ಆ ಗೋಡೆಗೆ ಹೋಗಿದ್ದವು. ಬೇರೆ ಗೌಂಡಿಗಳು ಬಂದು, ದಾರ ಹಿಡಿದಂತೆ ಬಂದಿದೆ ಎಂದು ಹೊಗಳಿ ಹೋಗಿದ್ದರು. ಅದನ್ನು ಹೆಂಡತಿಯ ಮಾತಿಗೆ ಕೆಡವಿದರೆ ನಾಕಾದ ಮೇಲೆ, ಅಂದರೆ ಕೂಲಿಗಳೆಲ್ಲ ಬೆಳಿಗ್ಗೆ ಸೇರುವ ಆ ಚೌಕದಲ್ಲಿ, ಮುಖ ತೋರಿಸುವುದು ಹೇಗೆ? ಅವನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೂ ಅವ್ವನಿಗೂ ಗೊತ್ತಿತ್ತು. ಜಗಳ ಎರಡು ದಿನ ನಡೆದು ಮೂರನೆಯ ದಿನ ಒಂದು ಪಂದ್ಯದಲ್ಲಿ ನಿಂತಿತು. ವರ್ಷದ ಅತಿ ದೊಡ್ಡ ಭರತಿ ನೂಲಹುಣ್ಣಿಮೆಯ ಮಧ್ಯಾಹ್ನ ಬರುತ್ತದೆ ಎಂದು ಬಾಳೂ ಕಾಕಾ ಹೇಳಿದ್ದ. ಅವತ್ತು ನೀರು ಹಗೇವಿನ ಬಾಯಿಗೆ, ಅಂದರೆ ಕೋಣೆಯ ನೆಲಕ್ಕೆ, ಬಂದರೆ ಅಪ್ಪ ತನ್ನ ಕೈಯಾರೆ ಗೋಡೆ ಕೆಡವಬೇಕು. ಬಾರದಿದ್ದರೆ ಅವ್ವ ಜನ್ಮದಲ್ಲಿ ಆ ಮಾತು ಎತ್ತಬಾರದು. ಅವತ್ತು ಇಬ್ಬರಿಗೂ ಸೈಟಿನಲ್ಲಿ ಕೆಲಸ. ಹಾಗಾಗಿ ಅಳೆಯುವ ಜವಾಬ್ದಾರಿ ನನ್ನದಾಯಿತು. ಅಪ್ಪ ಬಿದಿರಿನ ಕೋಲು ಕಡಿದು, ಸಿಗುರು ಹೆರೆದು, ಕುಣಿಗೆ ಇಳಿಸಿ, ನೆಲದ ಮಟ್ಟ ಎಲ್ಲಿಗೆ ಬರುತ್ತದೆಂದು ಸುಣ್ಣದಿಂದ ಗೆರೆ ಎಳೆದುಕೊಟ್ಟ. ನೀರು ನಿಂತಲ್ಲಿ ನಾನು ಕುಡಗೋಲಿನಿಂದ ಕಚ್ಚು ಹಾಕಬೇಕು, ಅಷ್ಟೇ.

ಆ ದಿನ ಬರುವವರೆಗೆ ಅವರಿಬ್ಬರು ಮಾತು ಬಿಟ್ಟರು. ಮಾತು ಬಿಡುವುದೆಂದರೆ ನನ್ನ ಮೂಲಕ ಆಡುವುದು. ಒಂದೇ ಕೋಣೆ, ನಡುವೆ ಎರಡು ಮೊಳ ದೂರ.

"ನೀಲವ್ವ, ನಿಮ್ಮಪ್ಪಗ ಕೇಳ, ಇನ್ನೊಂದು ರೊಟ್ಟಿ ಬೇಕೇನಂತ."

"ನಿಮ್ಮವ್ವಗ ಹೇಳವಾ, ಸಾಕು."

"ಅರ್ಧ ತಿನ್ನಂತ ಹೇಳ."

ಅಪ್ಪ ಅರ್ಧ ತಿನ್ನುತ್ತಿದ್ದ, ಆದರೆ ನಾನು ಹೇಳಿದ ಮೇಲೆಯೇ. ಹೊರಗಿನವರಿಗೆ ಇದು ನಗೆಯ ವಿಷಯ. ನನಗೆ ಆಗ ನಗು ಬರಲಿಲ್ಲ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ, ಕನ್ನಡ ಅಂದರೆ ನನಗೆ ಇವರಿಬ್ಬರು ಮಾತ್ರ, ಆ ಇಬ್ಬರೂ ನನ್ನ ಬಾಯಿಯಲ್ಲಿ ಕೂತಿದ್ದರು. ನಾನು ಸಣ್ಣವಳಾದರೂ ಅವರ ಸ್ವಭಾವ ಬಲ್ಲವಳಾಗಿದ್ದೆ. ಸೋತರೆ ಅಪ್ಪ ಕೂಗಾಡುತ್ತಾನೆ, ಒಂದು ದಿನ ಉಣ್ಣುವುದಿಲ್ಲ, ಮರುದಿನ ಸರಿಹೋಗುತ್ತಾನೆ. ಅವ್ವ ಸೋತರೆ ಕೂಗಾಡುವುದಿಲ್ಲ. ಜೋಳ ಸುರಿದು ಬಂದ ದಿನದ ಮುಖವನ್ನೇ ಹೊತ್ತು ಉಳಿದ ಆಯುಷ್ಯವೆಲ್ಲ ಆ ನೆಲ ಸಾರಿಸುತ್ತಾಳೆ.

ನೂಲಹುಣ್ಣಿಮೆ ಇಲ್ಲಿಯವರಿಗೆ ನಾರಳಿ ಪುನವ. ಮೀನು ಹಿಡಿಯುವವರೆಲ್ಲ ಖಾಡಿಗೆ ತೆಂಗಿನಕಾಯಿ ಬಿಡುವ ದಿನ. ಶಾಲೆಗೆ ರಜೆ. ಬೆಳಿಗ್ಗೆಯಿಂದ ಅಲ್ಲಿ ಬಾಜಾ ಕೇಳುತ್ತಿತ್ತು, ನಾನು ಕುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ನೀರು ಏರುವುದು ಕಣ್ಣಿಗೆ ಕಾಣುವುದಿಲ್ಲ, ಒಂದು ಹೊಟ್ಟಿನ ಚೂರು ಗೋಡೆಯ ಈ ಬಿರುಕಿನಿಂದ ಆ ಬಿರುಕಿಗೆ ಬಂದಾಗ ಮಾತ್ರ ಗೊತ್ತಾಗುತ್ತದೆ. ಮಧ್ಯಾಹ್ನ ದಾಟಿ ಎಷ್ಟೋ ಹೊತ್ತಿಗೆ ಆ ಚೂರು ನಿಂತಿತು. ಮತ್ತೆ ಏರಲಿಲ್ಲ. ಕೋಲು ಇಳಿಸಿ ಎತ್ತಿದೆ. ಒದ್ದೆಯ ಗೆರೆ ಸುಣ್ಣದ ಗೆರೆಗಿಂತ ಒಂದು ಗೇಣು ನಾಲ್ಕು ಬೆರಳು ಕೆಳಗಿತ್ತು. ಇನ್ನೊಮ್ಮೆ ಇಳಿಸಿದೆ. ಅಷ್ಟೇ. ಅಪ್ಪ ಗೆದ್ದಿದ್ದ.

ನಾನು ಬಹಳ ಯೋಚಿಸಲಿಲ್ಲ. ಕುಡಿಯುವ ನೀರಿನ ಕೊಡದಿಂದ ಒಂದು ತಂಬಿಗೆ ತುಂಬಿ, ಉಳಿದ ಗೇಣು ನಾಲ್ಕು ಬೆರಳಿನ ಮೇಲೆ ಸುರಿದು, ಸುಣ್ಣದ ಗೆರೆಯ ತನಕ ಒದ್ದೆ ಮಾಡಿ, ಅಲ್ಲಿ ಕಚ್ಚು ಹಾಕಿದೆ. ಈಗಲೂ ಆ ಕಚ್ಚು ಸ್ವಲ್ಪ ಓರೆಯಾಗಿದೆ. ಅವ್ವ ಅದಕ್ಕೆ ಸಣ್ಣವಳಿದ್ದಳಲ್ಲ ಎನ್ನುತ್ತಾಳೆ.

ಸಂಜೆ ಇಬ್ಬರೂ ಬಂದರು. ಅವ್ವ ಕೋಲು ನೋಡಿ ಒಲೆಯ ಕಡೆ ಹೋದಳು. ಅಪ್ಪ ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟರಲ್ಲಿ ಅದು ಒಣಗಿತ್ತು. ಹೆಬ್ಬೆರಳ ಉಗುರಿನಿಂದ ಕೆಳಗೊಮ್ಮೆ ಮೇಲೊಮ್ಮೆ ಕೆರೆದ. ಅಭ್ಯಾಸಬಲದಿಂದ ಎರಡು ಸಲವೂ ಬೆರಳನ್ನು ನಾಲಿಗೆಗೆ ಹಚ್ಚಿ, ಥೂ ಎಂದು ಉಗುಳಿದ. ಆಮೇಲೆ ಹೊರಗೆ ಹೋಗಿ ತನ್ನ ಗೋಡೆಯ ಪಕ್ಕ ಕೈಕಟ್ಟಿ ನಿಂತ. ಈಗ ಕೂಗಾಡುತ್ತಾನೆ, ಈಗ ಕೂಗಾಡುತ್ತಾನೆ ಎಂದು ಕಾದೆ. ಅವನು ಒಳಗೆ ಬಂದು, ನನ್ನತ್ತ ನೋಡದೆ, ನೇರವಾಗಿ ಒಲೆಯ ಕಡೆಗೇ ಮಾತಾಡಿದ.

"ಗೌರಾ, ಚಾ ಇಡ. ಮಳಿ ನಿಂತ ಮ್ಯಾಲ ಕೆಡವೂಣು."

"ಸಕ್ರಿ ಮುಗದೈತಿ," ಅಂದಳು ಅವ್ವ.

"ಬೆಲ್ಲದ ಚಾ ಮಾಡ."

ಇಷ್ಟು ಮಾತು ನನ್ನ ಮೂಲಕ ಹೋಗಲಿಲ್ಲ. ಅದೊಂದೇ ಸಂತೋಷಕ್ಕೆ ನಾನು ಅಂದು ಸಂಜೆ ಖಾಡಿಯ ದಂಡೆಗೆ ಓಡಿ ಹೋದೆ. ಬಾಳೂ ಕಾಕಾ ಒಂದು ಹೋಳು ಕೊಬ್ಬರಿ ಕೊಟ್ಟ.

ದಸರೆಯ ಮುಂಚೆ ಅಪ್ಪ ಒಬ್ಬನೇ ಗೋಡೆ ಬಿಚ್ಚಿದ. ಕೂಲಿಯವರನ್ನು ಕರೆಯಲಿಲ್ಲ. ಒಂದೊಂದೇ ಕಲ್ಲು ಸಡಿಲಿಸಿ, ಅಂಟಿದ ಗಾರೆ ಕೆತ್ತಿ, ಸಾಲಾಗಿ ಇಟ್ಟ. ನಾಕಾದ ಗೌಂಡಿಗಳು ಬಂದು ನಗಾಡಿದರು, ಮನೆ ಕಟ್ಟುತ್ತೀಯೋ ಗುಡಿ ಕಟ್ಟುತ್ತೀಯೋ ಎಂದು ಕೇಳಿದರು. ಅಪ್ಪ, ಪಂದ್ಯ ಸೋತೆ ಮಾರಾಯರೇ, ಮಗಳೇ ಅಳೆದಿದ್ದಾಳೆ ಎನ್ನುತ್ತಿದ್ದ. ಕೆಳಗೆಲ್ಲ ಕರಿಕಲ್ಲು, ನಡುವೆ ಮುರುಮು ತುಂಬಿ ನೀರು ಹಾಕಿ ಧುಮ್ಮಸ್ಸು ಬಡಿದು, ಪದರಪದರವಾಗಿ ನೆಲವನ್ನು ಅವ್ವನ ಎದೆಯ ಮಟ್ಟಕ್ಕೆ ಎತ್ತಿದ. ಮರಳನ್ನು ಕಾಕಾನ ಬಾವಿಯ ಸಿಹಿನೀರಿನಲ್ಲಿ ತೊಳೆದು ನೆಕ್ಕಿ ನೋಡಿ, ಮತ್ತೆ ತೊಳೆಸಿ ಮತ್ತೆ ನೆಕ್ಕಿದ. ಆ ನೀರು ಹೊತ್ತವರು ಅವ್ವ ಮತ್ತು ನಾನು. ಸಳಿಯ ಸುತ್ತ ಬೇರೆಯವರು ಎರಡು ಬೆರಳು ಕಾಂಕ್ರೀಟು ಬಿಟ್ಟರೆ ಇವನು ನಾಲ್ಕು ಬಿಟ್ಟ. ಹಗೇವಿಗೆ ಕಲ್ಲು ತುಂಬಿ ಮುಚ್ಚುವ ದಿನ ಅವ್ವ ಒಂದು ಹಿಡಿ ಒಳ್ಳೆಯ ಜೋಳವನ್ನು ಅದರೊಳಗೆ ಹಾಕಿದಳು. ಅಂದಿನಿಂದ ನಮ್ಮ ಜೋಳ ತಗಡಿನ ಡಬ್ಬದಲ್ಲಿದೆ. ಅವಳು ಆ ಡಬ್ಬಕ್ಕೆ ಒಮ್ಮೆಯೂ ಕುಂಕುಮ ಹಚ್ಚಿಲ್ಲ.

ನನಗೆ ಮುಂದೆ ಸಿಕ್ಕಿದ್ದೂ ಅಳತೆಯ ಕೆಲಸವೇ. ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ, ಜಾಗ ಅಳೆಯುವ ನೌಕರಿ, ಮೂವತ್ತು ವರ್ಷ. ಒಂದು ಇಂಚನ್ನೂ ನಾನು ಅತ್ತಿತ್ತ ಮಾಡಿದವಳಲ್ಲ, ಇದರಿಂದ ಅಲ್ಲಿ ನನಗೆ ಬಹಳ ಸ್ನೇಹಿತರೂ ಆಗಲಿಲ್ಲ. ಪ್ರಾಮಾಣಿಕಳು ಎಂದು ಬೀಳ್ಕೊಡುಗೆಯಲ್ಲಿ ಹೊಗಳಿದರು. ಪ್ರಾಮಾಣಿಕತೆಯಲ್ಲ ಅದು, ಹೆದರಿಕೆ. ಒಂದು ಸುಳ್ಳು ಅಳತೆಯ ಮೇಲೆ ಇಡೀ ಮನೆ ಕೂತಿದೆ ಎಂದು ತಿಳಿದವಳಿಗೆ ಎರಡನೆಯದು ಹಾಕುವ ಧೈರ್ಯ ಎಲ್ಲಿಂದ ಬರಬೇಕು? ಅಪ್ಪ ಬೆನ್ನು ನೋವೆಂದು ಕೂತಾಗಲೆಲ್ಲ, ಕೆಡವಿ ಕಟ್ಟಿದ ಆ ವರ್ಷವೇ ನೆನಪಾಗಿ ನನಗೆ ನಾಚಿಕೆಯಾಗುತ್ತಿತ್ತು.

ನಾನಿನ್ನೂ ನೌಕರಿಯಲ್ಲಿದ್ದಾಗಲೇ ಆ ಮಹಾಮಳೆ ಬಂತು. ಮುಂಬಯಿಯ ಸುತ್ತ ಇದ್ದವರಿಗೆ ಯಾವ ಮಳೆ ಎಂದು ಹೇಳಬೇಕಾಗಿಲ್ಲ. ಮೇಲಿನ ನೀರು ಇಳಿಯಲು ಹೊರಟಾಗಲೇ ಖಾಡಿಯಲ್ಲಿ ಭರತಿ ಬಂದು ಎದುರು ನಿಂತಿತು. ಓಣಿಯ ಮನೆಗಳಲ್ಲೆಲ್ಲ ನೀರು ಹೊಕ್ಕು, ಜನ ನಮ್ಮ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಒಳಗೆ ಇಪ್ಪತ್ತು ಮಂದಿ, ಅವ್ವ ದೊಡ್ಡ ಪಾತೇಲಿಯಲ್ಲಿ ಚಹಾ ಕುದಿಸುತ್ತಿದ್ದಳು. ಅಪ್ಪ ಮತ್ತು ನಾನು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದೆವು. ನೀರು ಕೆಳಗಿನಿಂದ ಐದನೆಯ ಮೆಟ್ಟಿಲಿಗೆ ಬಂದು ನಿಂತಿತ್ತು. ಹಳೆಯ ನೆಲವಿದ್ದಿದ್ದರೆ ಈಗ ಸೊಂಟ ಮುಟ್ಟುವಷ್ಟು ನೀರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದು ಅನ್ನಿಸಿತು.

"ಅಪ್ಪ, ಆ ಕೋಲಿನ ಗುರ್ತು..." ಅಂದೆ.

ಅಪ್ಪ ನೀರಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಮ್ಯಾಲಿಂದು ಸಪ್ಪಗಿತ್ತವಾ," ಅಂದ. "ಕೆಳಗ ಉಪ್ಪಿತ್ತು. ಮ್ಯಾಲ ಒಂದು ಗೇಣು, ಸ್ವಲ್ಪ ಹೆಚ್ಚು, ಕೊಡದಾಗಿನ ನೀರು."

ಗೊತ್ತಿದ್ದೂ ಯಾಕೆ ಕೆಡವಿದೆ ಎಂದು ಕೇಳಿದೆ.

"ಸಿಮೆಂಟು ಸೀಳಿದ್ದ ನೋಡಿದ ದಿನಾನ ಗೊತ್ತಾಗಿತ್ತು ನನಗ, ಆ ಗ್ವಾಡಿ ನಿಂದ್ರಂಗಿಲ್ಲಂತ. ಆದ್ರ ಕೆಡವಂಗಿಲ್ಲ ಅಂತ ಅಂದ್ಬಿಟ್ಟಿದ್ನಲ್ಲ. ಸೋಲಾಕ ಒಂದು ನೆವ ಬೇಕಾಗಿತ್ತು. ನೀ ತಂದು ಕೊಟ್ಟಿ." ಬಾಗಿಲ ಕಡೆ ನೋಡಿ, "ನಿಮ್ಮವ್ವಗ ಹೇಳಬ್ಯಾಡ. ಆಕಿ ಗೆದ್ದಾಳ," ಅಂದ.

ನನಗೆ ಅಳು ಬಂತು, ಮಳೆಯಿದ್ದದ್ದರಿಂದ ಕಾಣಲಿಲ್ಲ. ಒಳಗಿನಿಂದ ಅವ್ವನ ದನಿ ಕೇಳಿಸುತ್ತಿತ್ತು. ಬಾಗಿಲ ಹಿಂದಿನ ಕೋಲು ಆಗಲೇ ಅವಳ ಕೈಗೆ ಬಂದಿತ್ತು. ಕನ್ನಡ ಬಾರದ ನೆರೆಯವರಿಗೆ ಹಿಂದಿ, ಮರಾಠಿ, ಕನ್ನಡ ಎಲ್ಲ ಬೆರೆಸಿ ಹೇಳುತ್ತಿದ್ದಳು: ನೋಡಿ, ಆಗಲೇ ನೀರು ಇಲ್ಲಿಯವರೆಗೆ ಬಂದಿತ್ತು, ನನ್ನ ಮಗಳೇ ಅಳೆದಿದ್ದಾಳೆ. ಆಮೇಲೆ ಹೊರಗೆ ಕೇಳುವಂತೆ ದನಿ ಎತ್ತರಿಸಿ ಕೂಗಿದಳು.

"ಹೌದಿಲ್ರೀ?"

"ಖರೇ ಐತಿ," ಅಂದ ಅಪ್ಪ ಕೂತಲ್ಲಿಂದಲೇ. "ನಾನೂ ನೋಡೀನಿ."